ಬ್ಲೇಡು ತಾಗದ ಗೆರೆ

೧

ಎಲ್ಲಿಂದ ಶುರು ಮಾಡುವುದು? ಬಿಂಕಕ್ಕೆ ಕೇಳಿದ ಪ್ರಶ್ನೆಯಲ್ಲ ಇದು, ನಿಜವಾದ ಪೇಚಾಟ. ನಿವೃತ್ತರೊಬ್ಬರ ಕಥೆ ಎಂದುಕೊಂಡ ಕೂಡಲೇ ನನ್ನ ಕೈ ತಾನೇ ಹೋಗಿ ಒಂದು ಆರಾಮಕುರ್ಚಿಯನ್ನು ಎಳೆದು ತಂದು ಕಿಟಕಿಯ ಪಕ್ಕ ಹಾಕಿತು. ಅದರಲ್ಲಿ ಎಪ್ಪತ್ತೆರಡು ವರ್ಷದ ಒಬ್ಬರನ್ನು ಕೂರಿಸಿ, ಅವರ ಕಣ್ಣುಗಳನ್ನು ದೂರಕ್ಕೆ ನೆಟ್ಟು, "ನೆನಪುಗಳು ಒಂದೊಂದಾಗಿ ಸುರುಳಿ ಬಿಚ್ಚತೊಡಗಿದವು" ಎಂದು ಬರೆದೆ. ಬರೆದು ನಾನೇ ಮೆಚ್ಚಿಕೊಂಡೆ ಕೂಡ.

"ನಮ್ಮನೇಲಿ ಆರಾಮಕುರ್ಚಿ ಇಲ್ಲ," ಅಂದರು ಅವರು. "ಸ್ಟೂಲ್ ಇದೆ. ಮೂವತ್ತಾರು ವರ್ಷ ಸ್ಟೂಲ್ ಮೇಲೆ ಕೂತು ಕೆಲಸ ಮಾಡಿದೋನು ನಾನು. ಒರಗಿಕೊಂಡ್ರೆ ಬೆನ್ನು ಹಿಡ್ಕೊಳತ್ತೆ."

ಸರಿ ಸ್ವಾಮಿ, ಕುರ್ಚಿ ಹೊಡೆದುಹಾಕಿದೆ. ಸ್ಟೂಲು ಬಂತು.

"ಮೂರು ಕಾಲಿನದಲ್ಲ, ನಾಕು ಕಾಲಿಂದು."

(ಓದುಗರೇ, ಇಡೀ ಕಥೆ ಹೀಗೇ ಸಾಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಇವರು ನಗರಸಭೆಯ ನಕ್ಷೆ ವಿಭಾಗದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಇಲ್ಲದ್ದನ್ನು ಇದೆ ಎಂದು ಬರೆಯಲು ಬಿಡುವ ಜಾತಿಯಲ್ಲ. ಕಥೆಗಾರನ ಪಾಡು ಏನಾಗಬೇಕು ನೀವೇ ಯೋಚಿಸಿ.)

೨

ಇನ್ನೊಂದು ತಪ್ಪೊಪ್ಪಿಗೆಯೂ ಆಗಿಬಿಡಲಿ. ಮೊದಲ ಡ್ರಾಫ್ಟಿನಲ್ಲಿ ನಾನು ಅವರ ಹೆಂಡತಿಯನ್ನು ಸಾಯಿಸಿದ್ದೆ. ದ್ವೇಷವೇನಿಲ್ಲ. ನಿವೃತ್ತರಿಗೆ ಒಂದು ಒಂಟಿತನ ಇದ್ದರೆ ಕಥೆಗೆ ತೂಕ ಬರುತ್ತದೆ ಎಂಬ ಆಸೆ. ಗೋಡೆಗೆ ಫೋಟೊ, ಫೋಟೊಗೆ ಹಾರ, ಎಲ್ಲ ರೆಡಿ ಮಾಡಿಟ್ಟಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

"ಯಾರ್ರೀ ಅದು, ನನ್ನ ಫೋಟೊಗೆ ಹಾರ ಹಾಕ್ತಿರೋದು?"

ದನಿ ಎಂದರೆ ಎಂಥ ದನಿ! ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಊರಿಗೆ ಊರನ್ನೇ ಜೋಡಿಸಿದ ದನಿ. ಬೀದಿಯವರೆಲ್ಲ ಇವತ್ತಿಗೂ ಅವರನ್ನು ಆಪರೇಟರಮ್ಮ ಎಂದೇ ಕರೆಯುವುದು. ನಾನು ತೆಪ್ಪಗೆ ಹಾರ ತೆಗೆದು, ಫೋಟೊ ಇಳಿಸಿ, ಮೊಳೆ ಇದ್ದ ಜಾಗಕ್ಕೆ ಸುಣ್ಣ ಬಳಿದೆ.

"ಮೊಳೆ ಇರ್ಲಿ ಬಿಡಿ, ಕ್ಯಾಲೆಂಡರ್ ತೂಗುಹಾಕ್ತೀನಿ," ಅಂದರು ಆಪರೇಟರಮ್ಮ.

೪

(ಮೂರನೆಯದು ಕಸದ ಬುಟ್ಟಿಯಲ್ಲಿದೆ. ಅದರಲ್ಲಿ ಅವರಿಗೆ ಮಗನ ಜೊತೆ ಮನಸ್ತಾಪ ಇತ್ತು. ಮಗ ಅಪ್ಪನಿಗೆ ವಾರಕ್ಕೆ ಎರಡು ಸಲ ಫೋನ್ ಮಾಡಿ ಸಿಂಕಿನ ಪೈಪು ಎಲ್ಲಿ ತಿರುಗಿಸಬೇಕು ಎಂದು ಕೇಳುವವನು ಎಂದು ಗೊತ್ತಾದ ಮೇಲೆ ಅದನ್ನೂ ಹರಿದೆ. ಈ ಮನೆಯಲ್ಲಿ ಒಂದು ನೆಟ್ಟಗಿನ ದುಃಖ ಸಿಗುವುದೇ ಕಷ್ಟವಾಗಿದೆ.)

ಹಾಗಾದರೆ ಏನಿದೆ? ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಕ್ಷೆಗಾರರು ಬೆಳಿಗ್ಗೆ ಆರಕ್ಕೆ ಏಳುತ್ತಾರೆ. ಕಾಫಿ ಕಪ್ಪು ಹಿಡಿಯುವಾಗ ಕಿರುಬೆರಳನ್ನು ಮೇಲೆತ್ತಿರುತ್ತಾರೆ. ಅದು ಶೋಕಿಯಲ್ಲ, ಹಸಿ ಇಂಕಿಗೆ ಬೆರಳು ತಾಗದಿರಲೆಂದು ರೂಢಿಯಾದದ್ದು, ಹನ್ನೆರಡು ವರ್ಷದ ಹಿಂದೆ ರಿಟೈರ್ ಆದರೂ ಬೆರಳಿಗೆ ಆ ಸುದ್ದಿ ಮುಟ್ಟಿಲ್ಲ. ಓದಿ ಮುಗಿಸಿದ ಪೇಪರನ್ನು ನಕ್ಷೆ ಮಡಿಸುವ ಹಾಗೆ ಎಂಟು ಮಡಿಕೆ ಮಾಡಿ, ಹೆಡ್‌ಲೈನ್ ಮೇಲೆ ಬರುವಂತೆ ಇಡುತ್ತಾರೆ. ಅಕ್ಕಪಕ್ಕದ ಮನೆಯ ಪೆನ್ಸಿಲ್‌ಗಳೆಲ್ಲ ಇವರ ಹತ್ತಿರವೇ ಬರುತ್ತವೆ. ಶಾರ್ಪನರ್ ಮುಟ್ಟುವುದಿಲ್ಲ, ಬ್ಲೇಡಿನಲ್ಲೇ ಕೆತ್ತಿ, ಮುಳ್ಳಿನಂಥ ಮೊನೆ ಮಾಡಿ ಕೊಡುತ್ತಾರೆ. ಕನ್ನಡಕ ಎಲ್ಲಿಟ್ಟೆ ಎಂದು ಹೆಂಡತಿ ಕೇಳಿದರೆ ಬಾಯಲ್ಲಿ ಹೇಳುವುದಿಲ್ಲ. ಒಂದು ಚೀಟಿಯಲ್ಲಿ ಮನೆಯ ಪ್ಲಾನ್ ಗೀಚಿ, ಕನ್ನಡಕ ಇರುವ ಜಾಗಕ್ಕೆ ಒಂದು ಚುಕ್ಕೆ ಇಟ್ಟು, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿ ಕೊಡುತ್ತಾರೆ.

"ಉತ್ತರ ಕಟ್ಕೊಂಡು ನಾನೇನು ಮಾಡ್ಲಿ, ಕನ್ನಡಕ ಕೊಡಿ," ಎನ್ನುತ್ತಾರೆ ಆಪರೇಟರಮ್ಮ. ಆದರೆ ಆ ಚೀಟಿಗಳನ್ನು ಯಾವತ್ತೂ ಬಿಸಾಡಿಲ್ಲ. ಒಂದು ಬಿಸ್ಕತ್ತಿನ ಡಬ್ಬದ ತುಂಬ ಇವೆ.

ಆಫೀಸಿನಲ್ಲಿ ಅವರ ಅಡ್ಡಹೆಸರು ಬ್ಲೇಡು. ಟ್ರೇಸಿಂಗ್ ಹಾಳೆಯ ಮೇಲೆ ತಪ್ಪು ಗೆರೆ ಬಿದ್ದರೆ ಅದನ್ನು ಬ್ಲೇಡಿನ ಅಂಚಿನಿಂದ ಕೆರೆದು ತೆಗೆಯಬೇಕು. ಒಂಚೂರು ಒತ್ತಿದರೆ ಹಾಳೆ ತೂತು, ಒಂಚೂರು ಸಡಿಲಿಸಿದರೆ ಕಲೆ. ಇವರು ತೆಗೆದರೆ ಅಲ್ಲಿ ಗೆರೆ ಇತ್ತೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಇಡೀ ವಿಭಾಗದ ತಪ್ಪುಗಳು, ಸಹಿ ಬಿದ್ದ ಹಾಳೆಯವೂ, ಅವರ ಮೇಜಿಗೇ ಬರುತ್ತಿದ್ದವು. ಎಲ್ಲರ ತಪ್ಪನ್ನೂ ಅವರು ಅಳಿಸಿದ್ದಾರೆ. ಒಂದನ್ನು ಬಿಟ್ಟು.

"ಅಲ್ಲಿಗೇ ಬಂದ್ಬಿಟ್ರಾ?" ಅಂದರು ನಕ್ಷೆಗಾರರು. ಕಪ್ಪು ಕೆಳಗಿಟ್ಟರು.

ಬರಲೇಬೇಕಲ್ಲ ಸಾರ್. ಕಥೆ ಎಂದು ಕೂತಿದ್ದೇನೆ.

೫

ದಿನಾ ಏಳು ಗಂಟೆಗೆ ಗಂಡ ಹೆಂಡತಿ ವಾಕಿಂಗ್ ಹೋಗುತ್ತಾರೆ. ಬಸ್ ನಿಲ್ದಾಣದ ಬೀದಿಯಿಂದ ಶಾಲೆಯ ಹಿಂದಿನ ಗೇಟಿಗೆ ಒಂದು ಓಣಿ ಇದೆ. ಎರಡೂ ಕಡೆ ಎತ್ತರದ ಗೋಡೆ, ನಡುವೆ ಚಪ್ಪಡಿ ಕಲ್ಲು, ಒಂದು ದೀಪದ ಕಂಬ, ಒಂದು ನಲ್ಲಿ. ಓಣಿ ಇಲ್ಲದಿದ್ದರೆ ಶಾಲೆಗೆ ಇಪ್ಪತ್ತು ನಿಮಿಷದ ಸುತ್ತು, ಓಣಿಯಲ್ಲಿ ಆದರೆ ನಾಲ್ಕೇ ನಿಮಿಷ. ವಿಚಿತ್ರವೆಂದರೆ ಅರ್ಧ ದಾರಿಯಲ್ಲಿ ಅದು ಯಾವ ಕಾರಣವೂ ಇಲ್ಲದೆ ಬಾಗುತ್ತದೆ. ಆಚೆಯಿಂದ ಬರುವವರು ಈಚೆಯವರಿಗೆ ಕಾಣುವುದಿಲ್ಲ. ಹಾಗಾಗಿ ಎಲ್ಲರೂ ಬಾಗಿನ ಹತ್ತಿರ ಏನಾದರೊಂದು ಸದ್ದು ಮಾಡುತ್ತಾರೆ. ಸೈಕಲ್ಲಿನವರು ಬೆಲ್ ಹೊಡೆಯುತ್ತಾರೆ, ಮಂಡಿ ನೋವಿನ ಮೇಷ್ಟರು ಕೆಮ್ಮುತ್ತಾರೆ, ಬ್ರೆಡ್ಡಿನ ಟ್ರೇ ಹೊತ್ತ ಹೆಂಗಸು "ಬಿಸೀ, ಬಿಸೀ" ಎನ್ನುತ್ತಾಳೆ. ಆಪರೇಟರಮ್ಮ ಮಾತ್ರ ಎಕ್ಸ್‌ಚೇಂಜಿನ ದನಿಯಲ್ಲಿ "ಹಲೋ" ಅನ್ನುತ್ತಾರೆ. ಆಚೆಯಿಂದ ಯಾರಾದರೂ ಹಲೋ ಅಂದರೆ ಆ ದಿನವೆಲ್ಲ ಖುಷಿ.

ಈ ಓಣಿ ಭೂಮಿಗೆ ಬರುವ ಮೊದಲು ಹಾಳೆಯ ಮೇಲೆ ಬಂತು. ಅದೂ ತಪ್ಪಿ.

ನಲವತ್ತನಾಲ್ಕು ವರ್ಷದ ಹಿಂದಿನ ಮಾತು. ನಕ್ಷೆಗಾರರಿಗೆ ಇಪ್ಪತ್ತೆಂಟು. ಆ ಜಾಗವೆಲ್ಲ ಆಗ ಮುಳ್ಳುಗಿಡದ ಬಯಲು. ಅಳತೆಯವರು ಪೆನ್ಸಿಲಿನಲ್ಲಿ ಮಾಡಿ ತಂದ ಹಾಳೆಯ ಮೇಲೆ ಪಾರದರ್ಶಕ ಟ್ರೇಸಿಂಗ್ ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನೆಲ್ಲ ಮೇಲೆ ಇಂಕಿನಲ್ಲಿ ತಿದ್ದುವುದು ಅವರ ಕೆಲಸ. ಬಯಲಿನ ನಡುವೆ ಒಂದು ಸಣ್ಣ ಒಂಟಿ ಗೆರೆ ಕಂಡಿತು. ಒಂಟಿ ಗೆರೆ ಎಂದರೆ ಕಾಲುದಾರಿ. ತಿದ್ದಿದರು. ದೊಡ್ಡ ಸಾಹೇಬರ ಸಹಿ ಬಿತ್ತು. ಸಂಜೆ ಹಾಳೆ ಎತ್ತಿ ನೋಡಿದರೆ ಆ ಗೆರೆ ಹಾಳೆಯ ಅಡಿಯಿಂದ ಬಿಡಿಸಿಕೊಂಡು ಅವರ ಅಂಗೈಗೆ ಬಂತು.

ಅದು ಕೂದಲು. ಕಪ್ಪಗೆ, ಉದ್ದಕ್ಕೆ, ನಡುವೆ ಒಂದು ಬಾಗು.

(ಕೂದಲೆಳೆಯ ಅಂತರ ಎಂಬ ಮಾತನ್ನು ಈ ಕಥೆಯಲ್ಲಿ ಬಳಸುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಈಗಷ್ಟೇ ಮುರಿದೆ.)

ಬ್ಲೇಡು ಕೈಯಲ್ಲೇ ಇತ್ತು. ಕೆರೆದಿದ್ದರೆ ಅರ್ಧ ನಿಮಿಷದ ಕೆಲಸ. ಕೆರೆಯಲಿಲ್ಲ.

ಐದು ವರ್ಷದ ಮೇಲೆ ಬಯಲು ಸೈಟುಗಳಾಗಿ ಹಂಚಿಹೋಯಿತು. ನಕ್ಷೆಯಲ್ಲಿ ಕಾಲುದಾರಿ ಇದೆಯಲ್ಲ ಎಂದು ಅದರ ಉದ್ದಕ್ಕೂ, ಬಾಗು ಇದ್ದಲ್ಲಿ ಬಾಗಿಸಿಯೇ, ಹತ್ತಡಿ ಬಿಟ್ಟು ಗೋಡೆ ಕಟ್ಟಿದರು. ಜನ ನಡೆದರು. ಕಲ್ಲು ಬಂತು, ಕಂಬ ಬಂತು, ನಲ್ಲಿ ಬಂತು. ನಕ್ಷೆಗಾರರು ಮೊದಲ ಸಲ ಅಲ್ಲಿ ಕಾಲಿಟ್ಟಾಗ ಕಳ್ಳತನಕ್ಕೆ ಹೋದವರ ಹಾಗೆ ಹಿಂದೆ ಮುಂದೆ ನೋಡಿದ್ದರಂತೆ.

ಯಾಕೆ ಕೆರೆಯಲಿಲ್ಲ ಸಾರ್?

"ಸಹಿ ಬಿದ್ದಾಗಿತ್ತು."

ಸಹಿ ಬಿದ್ದ ಹಾಳೆಗಳನ್ನು ನೀವು ಎಷ್ಟೋ ಸಲ ಕೆರೆದಿದ್ದೀರಿ. ನಾಲ್ಕನೆಯ ಭಾಗದಲ್ಲಿ ಸೂಚನೆ ಕೊಟ್ಟಿದ್ದೇನೆ.

"ಬ್ಲೇಡು ಮೊಂಡಾಗಿತ್ತು."

ಸಾರ್.

ಅವರು ಕಿಟಕಿಯ ಕಡೆ ನೋಡಿದರು. ಆಪರೇಟರಮ್ಮ ಹೊರಗೆ ತಂತಿಯ ಮೇಲಿಂದ ಬಟ್ಟೆ ತೆಗೆಯುತ್ತಿದ್ದರು. ದನಿ ತಗ್ಗಿಸಿ ಹೇಳಿದರು.

"ಮದುವೆ ಆಗಿ ನಾಕು ತಿಂಗಳು. ಅವಳಿಗೆ ರಾತ್ರಿ ಪಾಳಿ, ನನಗೆ ಹಗಲು. ನಾನು ಮೆಟ್ಟಿಲು ಇಳಿಯುವಾಗ ಅವಳು ಹತ್ತೋಳು. ಮೆಟ್ಟಿಲಲ್ಲೇ ನಮ್ಮ ಸಂಸಾರ. ಆವತ್ತು ನಿಂತು ನನ್ನ ಕಾಲರ್ ಸರಿ ಮಾಡಿದ್ಲು. ಏನೂ ಮಾತಾಡ್ಲಿಲ್ಲ, ಅಷ್ಟು ನಿದ್ದೆ. ಆವತ್ತು ಅವಳನ್ನ ನೋಡಿದ್ದು ಅಷ್ಟೇ. ಸಾಯಂಕಾಲ ಅದು ಕೈಗೆ ಬಂದಾಗ... ಬ್ಲೇಡು ಹಾಕಕ್ಕೆ ಮನಸ್ಸು ಬರ್ಲಿಲ್ಲ."

ಹೆಂಡತಿಗೆ ಹೇಳಿದ್ದೀರಾ?

"ಹೇಗೆ ಹೇಳೋದು? ಸುಳ್ಳು ಗೆರೆ ಎಳೆಯೋದಿಲ್ಲ ಅಂತ ಹೆಮ್ಮೆ ಪಡೋ ಗಂಡ ನಾನು."

೬

ಈಗ ತೊಂದರೆ ಬರುತ್ತದೆ. (ಉಸ್ಸಪ್ಪಾ. ನನಗೂ ಸಾಕಾಗಿತ್ತು.)

ಒಂದು ಶನಿವಾರ ನಗರಸಭೆಯ ಹೊಸ ಇಂಜಿನಿಯರಮ್ಮ ಮನೆಗೆ ಬಂದರು. ಆಪರೇಟರಮ್ಮ ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತು. ಇಂಜಿನಿಯರಮ್ಮ ಲ್ಯಾಪ್‌ಟಾಪ್ ತೆರೆದು ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಅಳತೆಯವರ ಪೆನ್ಸಿಲ್ ಹಾಳೆ, ಅದರ ಮೇಲೆ ನಕ್ಷೆಗಾರರ ಟ್ರೇಸಿಂಗ್.

"ಎಲ್ಲಾ ಗೆರೆ ಕರೆಕ್ಟಾಗಿ ಕೂತ್ಕೊಂಡ್ವು ಸರ್. ಇದೊಂದಕ್ಕೆ ಮಾತ್ರ ಕೆಳಗಡೆ ಏನೂ ಇಲ್ಲ."

ನಕ್ಷೆಗಾರರು ಪರದೆಯನ್ನೇ ನೋಡಿದರು. ನಲವತ್ತನಾಲ್ಕು ವರ್ಷದ ಮೇಲೂ ಗೆರೆ ಚೆನ್ನಾಗಿ ಬಂದಿದೆ ಎಂದು ಒಂದು ಕ್ಷಣ ಅನ್ನಿಸಿತಂತೆ. ಆಮೇಲೆ, ಈಗ ಇದು ಯಾಕೆ ಬೇಕಾಯಿತು ಎಂದು ಕೇಳಿದರು.

ವಿಷಯ ಇಷ್ಟು. ಓಣಿಯ ಎರಡೂ ಕಡೆಯ ಕಟ್ಟಡಗಳನ್ನು ಒಬ್ಬ ಫರ್ನಿಚರ್ ಶೋರೂಮಿನ ಯಜಮಾನ ಕೊಂಡುಕೊಂಡಿದ್ದಾನೆ. ಎರಡನ್ನೂ ಸೇರಿಸಿ ಒಂದು ಮಾಡಬೇಕು, ಓಣಿಯನ್ನು ಮುಚ್ಚಬೇಕು ಎಂದು ಅರ್ಜಿ ಹಾಕಿದ್ದಾನೆ. ಮೂಲ ಅಳತೆಯಲ್ಲಿ ದಾರಿಯೇ ಇಲ್ಲವಲ್ಲ ಎಂಬುದು ಅವನ ವಾದ. ಮಂಗಳವಾರ ಹನ್ನೊಂದಕ್ಕೆ ವಿಚಾರಣೆ. (ವಕೀಲರಾದ ಓದುಗರು ಈಗ ಕೈಯೆತ್ತಿ ಕಾನೂನು ಹೇಳುತ್ತಾರೆಂದು ಗೊತ್ತು. ದಯವಿಟ್ಟು ಕೈ ಇಳಿಸಿ. ನಿಮ್ಮಿಂದ ಎಷ್ಟೋ ಒಳ್ಳೆಯ ಕಥೆಗಳು ಕೆಟ್ಟಿವೆ.)

"ಆಗಿನವರಲ್ಲಿ ಉಳಿದಿರೋದು ನೀವೊಬ್ರೇ ಸರ್. 'ಫೀಲ್ಡ್ ಬುಕ್ ನೋಡಿ ಈ ದಾರಿ ಹಾಕಿದೆ' ಅಂತ ಒಂದೇ ಒಂದು ಸಾಲು ಬರೆದುಕೊಡಿ. ಅಳತೆಯವರು ಜಾಗದಲ್ಲೇ ಬರ್ಕೊಂಡ ಆ ಪುಸ್ತಕ ಸೋರಿದ ನೀರಲ್ಲಿ ನೆನೆದು ಮುದ್ದೆಯಾಗಿದೆ, ಯಾರೂ ತೆಗೆದು ನೋಡಕ್ಕಾಗಲ್ಲ. ನನ್ನ ಮಗಳೂ ಅದೇ ಓಣೀಲಿ ಶಾಲೆಗೆ ಹೋಗೋದು."

ನಕ್ಷೆಗಾರರು ಪೆನ್ನು ತೆಗೆದುಕೊಂಡರು. ಕಿರುಬೆರಳು ಮೇಲೆದ್ದಿತು. ಒಂದೇ ಒಂದು ಸಾಲು. ಬರೆಯಲಾಗಲಿಲ್ಲ.

"ಸೋಮವಾರ ಹೇಳ್ತೀನಮ್ಮ," ಅಂದರು.

೭

ಇಲ್ಲಿ ನಾನು ಸುಮ್ಮನಿರಲಾರದೆ ಮೂರು ಮುಕ್ತಾಯಗಳನ್ನು ಬರೆದು ಅವರ ಮುಂದೆ ಹರಡಿದೆ. ಆರಿಸಿಕೊಳ್ಳಿ ಎಂದೆ.

ಅ) ಸುಳ್ಳು ಬರೆದುಕೊಡುತ್ತಾರೆ. ಓಣಿ ಉಳಿಯುತ್ತದೆ. ಅವರು ಮಾತ್ರ ಆಮೇಲೆ ಅಲ್ಲಿ ನಡೆಯುವುದಿಲ್ಲ.

"ಯಾಕೆ ನಡೆಯಲ್ಲ?" ಅಂದರು.

ಪಾಪಪ್ರಜ್ಞೆ ಸಾರ್.

"ಅಷ್ಟು ದೂರ ಸುತ್ತೋ ಕಾಲು ನನಗಿಲ್ಲ."

ಆ) ನಿಜ ಹೇಳುತ್ತಾರೆ. ಓಣಿಗೆ ಅಡ್ಡ ಗೋಡೆ ಏಳುತ್ತದೆ. ಮರುದಿನ ಆಪರೇಟರಮ್ಮ ಗೋಡೆಯ ಮುಂದೆ ನಿಂತು "ಹಲೋ" ಅನ್ನುತ್ತಾರೆ. ಆಚೆಯಿಂದ ಉತ್ತರವಿಲ್ಲ.

ಇದನ್ನು ಓದಿ ನಕ್ಷೆಗಾರರು ಹಾಳೆಯನ್ನು ಎಂಟು ಮಡಿಕೆ ಮಾಡಿ ನನಗೆ ವಾಪಸು ಕೊಟ್ಟರು. ನನಗೆ ನಾಚಿಕೆಯಾಯಿತು, ಸುಳ್ಳೇಕೆ.

ಇ) ವಿಚಾರಣೆಯ ಹಿಂದಿನ ದಿನ ನಕ್ಷೆಗಾರರಿಗೆ ಹೃದಯಾಘಾತ.

"ಥೂ," ಅಂದರು ಅಡುಗೆಮನೆಯಿಂದ ಆಪರೇಟರಮ್ಮ. "ನಿಮಗೆ ಜನ ಸಾಯೋದು ಬಿಟ್ಟು ಬೇರೆ ಏನೂ ಹೊಳೆಯಲ್ವಾ?"

ಅವರು ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಎಕ್ಸ್‌ಚೇಂಜಿನ ಕಿವಿ.

೮

ಭಾನುವಾರ ಮಧ್ಯಾಹ್ನ ನಕ್ಷೆಗಾರರು ಬೀರುವಿನಿಂದ ತಮ್ಮ ಹಳೆಯ ಕೈವಾರದ ಪೆಟ್ಟಿಗೆಯನ್ನು ತಂದು ಊಟದ ಮೇಜಿನ ಮೇಲಿಟ್ಟರು.

"ನಿಂಗೊಂದು ವಿಷಯ ಹೇಳ್ಬೇಕು."

"ಹೇಳಿ, ಲೈನಲ್ಲಿದೀನಿ."

ಹೇಳಿದರು. ಮೆಟ್ಟಿಲು, ಕಾಲರ್, ಹಾಳೆ, ಗೆರೆ, ಕೆರೆಯದೆ ಬಿಟ್ಟದ್ದು, ಇಂಜಿನಿಯರಮ್ಮ ಬಂದು ಕೇಳಿದ್ದು. ಪೆಟ್ಟಿಗೆಯೊಳಗೆ ನಿಬ್ಬುಗಳನ್ನು ಇಡುವ ಸಣ್ಣ ಖಾನೆಯಿಂದ ಬೆಣ್ಣೆಕಾಗದದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಕೂದಲು ಹಾಗೇ ಇತ್ತು, ಇವತ್ತು ಬಿದ್ದಷ್ಟು ಕಪ್ಪಗೆ. ಆಪರೇಟರಮ್ಮನ ತಲೆ ಬೆಳ್ಳಗಾಗಿ ಹತ್ತು ವರ್ಷವಾಗಿದೆ.

ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. ನಾನು ಕಣ್ಣೀರಿಗೆ ಎರಡು ಸಾಲು ಜಾಗ ಬಿಟ್ಟುಕೊಂಡು ಕಾದೆ.

"ಇದು ನಂದೇ ಅಂತ ಏನು ಗ್ಯಾರಂಟಿ?" ಅಂದರು. "ನಿಮ್ಮಾಫೀಸಲ್ಲಿ ಟೈಪಿಸ್ಟ್ ಒಬ್ಬಳಿದ್ಲಲ್ಲ, ಮೊಣಕಾಲು ತನಕ ಜಡೆ."

"ಅವಳದು ನೇರ ಕೂದಲು. ಸ್ಕೇಲ್ ಇಟ್ಟು ಎಳೆದ ಹಾಗೆ. ನಿಂದು ಕಿವಿ ಮೇಲೆ ಬಾಗ್ತಿತ್ತು, ಹೆಡ್‌ಸೆಟ್ ಒತ್ತಿ ಒತ್ತಿ."

"ಓಹೋ! ಅವಳ ಕೂದಲು ನೇರ ಅಂತ ಎಷ್ಟು ಚೆನ್ನಾಗಿ ಜ್ಞಾಪಕ ಇದೆ!"

"ಕೆಲಸವೇ ನೋಡೋದಲ್ವೇನೆ..."

ಆಮೇಲೆ ಇಬ್ಬರೂ ನಕ್ಕರು. ಆಪರೇಟರಮ್ಮನಿಗೆ ಕೆಮ್ಮು ಬರುವಷ್ಟು ನಗು. ನೀರು ಕುಡಿದ ಮೇಲೆ ಅವರ ಕೈ ತನ್ನಷ್ಟಕ್ಕೆ ಕಿವಿಯ ಮೇಲೆ ಹೋಯಿತು, ಹೆಡ್‌ಸೆಟ್ ಕೂರುತ್ತಿದ್ದ ಜಾಗಕ್ಕೆ. ಓಣಿ ಯಾಕೆ ಬಾಗಿದೆ ಎಂದು ಮೂವತ್ತೊಂಬತ್ತು ವರ್ಷದಿಂದ ಬೈಯುತ್ತಿದ್ದವರು ಅವರೇ.

"ಸೋಮವಾರ ಆ ಹುಡುಗಿಗೆ ಏನು ಹೇಳ್ತೀರಿ?"

"ಒಂದು ಸಾಲು ಬರೆದುಕೊಟ್ರೆ ಓಣಿ ಉಳಿಯತ್ತೆ."

"ನನ್ನ ಕೂದಲನ್ನ ಹಿಡ್ಕೊಂಡು ಫೀಲ್ಡ್ ಬುಕ್ಕು ಅಂತೀರಾ?" ಈ ಸಲ ನಗುವಿರಲಿಲ್ಲ. "ಇಷ್ಟು ವರ್ಷ ಮುಚ್ಚಿಟ್ಟಿದ್ದು ಸಾಲದೂ ಅಂತ?"

"ಓಣಿ ಹೋದ್ರೆ?"

"ಹೋದ್ರೆ ಸುತ್ತಿಕೊಂಡು ಹೋಗೋಣ. ಇಪ್ಪತ್ತು ನಿಮಿಷ ತಾನೆ." ಹೇಳುತ್ತಾ ಪೊಟ್ಟಣವನ್ನು ಮೆಲ್ಲಗೆ ಮಡಿಸಿದರು. ಅವರಿಗೆ ಆ ಓಣಿ ಎಂದರೆ ಪ್ರಾಣ. ಈಗ ಇನ್ನೂ ಹೆಚ್ಚು.

೯

ಮಂಗಳವಾರ. ಹನ್ನೊಂದು ಗಂಟೆ. ನಗರಸಭೆಯ ಮೀಟಿಂಗ್ ರೂಮಿನಲ್ಲಿ ಉದ್ದನೆಯ ಮೇಜು, ಒಂದು ಕಾಲು ಕುಂಟುವ ಫ್ಯಾನು. (ಫ್ಯಾನಿಗೆ ಕಾಲಿಲ್ಲ ಎಂದು ನಕ್ಷೆಗಾರರು ತಿದ್ದಿದರು. ರೆಕ್ಕೆ. ಒಂದು ರೆಕ್ಕೆ ಕುಂಟುವ ಫ್ಯಾನು.) ಮೇಜಿನ ತಲೆಯಲ್ಲಿ ಅಧಿಕಾರಿ, ಒಂದು ಕಡೆ ಶೋರೂಮಿನ ಯಜಮಾನ, ಇನ್ನೊಂದು ಕಡೆ ಉಗುರು ಕಚ್ಚುತ್ತಿದ್ದ ಇಂಜಿನಿಯರಮ್ಮ. ಸೋಮವಾರ ಅವರಿಗೆ ಸಿಕ್ಕ ಉತ್ತರ "ನಾಳೆ ಬರ್ತೀನಿ" ಎಂಬುದಷ್ಟೇ. ಗೋಡೆಯ ಪಕ್ಕದ ಬೆಂಚಿನಲ್ಲಿ ಆಪರೇಟರಮ್ಮ, ಚೀಲ ತೊಡೆಯ ಮೇಲೆ.

"ಈ ಗೆರೆ ಎಲ್ಲಿಂದ ಬಂತು?" ಅಧಿಕಾರಿ ಕೇಳಿದರು.

"ತಪ್ಪಿನಿಂದ ಬಂತು ಸರ್. ನನ್ನ ತಪ್ಪು. ಹಾಳೆ ಕೆಳಗೆ ಒಂದು ಕೂದಲು ಸೇರಿಕೊಂಡಿತ್ತು, ಗೆರೆ ಅಂತ ತಿದ್ದಿದೆ. ಆವತ್ತೇ ಗೊತ್ತಾಯ್ತು, ಅಳಿಸ್ಲಿಲ್ಲ."

ಯಜಮಾನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಇಂಜಿನಿಯರಮ್ಮ ಕಣ್ಣು ಮುಚ್ಚಿಕೊಂಡರು. ಅಧಿಕಾರಿಗೆ ನಗು ಬಂತು, ಅದುಮಿಕೊಂಡು ಕೇಳಿದರು. "ಯಾರ ಕೂದಲು?"

"ನನ್ನದು," ಅಂದರು ಬೆಂಚಿನಿಂದ ಆಪರೇಟರಮ್ಮ. "ವಿಚಾರಿಸಿ ಆಗಿದೆ."

ನಕ್ಷೆಗಾರರು ಜೇಬಿನಿಂದ ಅಳತೆಯ ಟೇಪು ತೆಗೆದು ಮೇಜಿನ ಮೇಲಿಟ್ಟರು.

"ಸರ್, ನಾನು ಕೆಲಸಕ್ಕೆ ಸೇರಿದ ದಿನ ದೊಡ್ಡ ಸಾಹೇಬರು ಹೇಳಿದ್ರು, ನೆಲದ ಮೇಲೆ ಇರೋದು ಹಾಳೆ ಮೇಲೆ ಇರ್ಬೇಕು ಅಂತ. ಆವತ್ತು ಅಲ್ಲಿ ದಾರಿ ಇರ್ಲಿಲ್ಲ, ನಾನು ಬರೆದೆ. ತಪ್ಪು. ಇವತ್ತು ಅಲ್ಲಿ ದಾರಿ ಇದೆ. ಕಲ್ಲು ಸವೆದು ಬೋಗುಣಿ ಥರ ಆಗಿದೆ. ಇವತ್ತು ಅದನ್ನ ಬಿಟ್ಟು ನಕ್ಷೆ ಮಾಡಿದ್ರೆ ಅದೂ ತಪ್ಪೇ. ಹಳೇ ಹಾಳೆ ಬಿಟ್ಹಾಕಿ. ಹೊಸದಾಗಿ ಅಳೆಯಿರಿ. ಟೇಪಿನ ಒಂದು ತುದಿ ನಾನೇ ಹಿಡ್ಕೋತೀನಿ."

ಅಧಿಕಾರಿ ಟೇಪನ್ನು ನೋಡಿದರು. ಯಜಮಾನನನ್ನು ನೋಡಿದರು. ಆಮೇಲೆ ಯಾಕೋ ಬೆಂಚಿನ ಕಡೆ ನೋಡಿದರು.

"ಹದಿನೈದು ದಿನದಲ್ಲಿ ಆದೇಶ," ಎಂದು ಫೈಲು ಮುಚ್ಚಿದರು.

೧೦

ಹದಿನೈದು ದಿನದಲ್ಲಿ ಏನಾಯಿತು? ನನಗೆ ಗೊತ್ತು. ಬರೆದೂ ಇಟ್ಟಿದ್ದೇನೆ. ಆದೇಶದ ಪ್ರತಿ, ತಾರೀಖು, ಸೀಲು ಎಲ್ಲ ಇದೆ. ಇನ್ನೇನು ಅಂಟಿಸಬೇಕು, ನಕ್ಷೆಗಾರರು ನನ್ನ ಹಾಳೆಯ ಮೇಲೆ ಅಂಗೈ ಇಟ್ಟರು.

"ಬೇಡ."

ಓದುಗರು ಕೇಳುತ್ತಾರೆ ಸಾರ್. ಇಷ್ಟು ದೂರ ಬಂದಿದ್ದಾರೆ.

"ನೋಡಿ, ದಾರಿ ಹಾಳೆಯ ಅಂಚಿಗೆ ಬಂತು ಅಂದ್ಕೊಳ್ಳಿ. ಹಾಳೆ ಮುಗೀತು ಅಂತ ದಾರಿ ಮುಗಿಯಲ್ಲ. ಅಲ್ಲಿ ಅಡ್ಡ ಗೆರೆ ಎಳೆದು ಮುಚ್ಚಿದ್ರೆ ಕೆಲಸ ಗೊತ್ತಿಲ್ದೋರು ಅಂತಾರೆ ನಮ್ಮಲ್ಲಿ. ಅಂಚಿನ ತನಕ ಎಳೆದು ಕೈ ಎತ್ತಬೇಕು. ಅಷ್ಟೇ."

ನನ್ನ ಮುಕ್ತಾಯ ಏನಾಗಬೇಕು?

"ನಿಮ್ಮ ಹತ್ರ ಬ್ಲೇಡ್ ಇದೆಯಲ್ಲ," ಅಂದರು, ಬಹಳ ಪ್ರೀತಿಯಿಂದ.

ಕೆರೆದೆ. ಒಂಚೂರು ಕಲೆ ಉಳಿದಿದೆ. ಅವರಷ್ಟು ಕೈ ನನಗಿಲ್ಲ.

ಕೊನೆಯದಾಗಿ ಒಂದು ವಿಷಯ. ಬಿಸ್ಕತ್ತಿನ ಡಬ್ಬದ ಚೀಟಿಗಳ ಮೇಲೆ ಈಗ ಬೆಣ್ಣೆಕಾಗದದ ಆ ಪೊಟ್ಟಣವೂ ಇದೆ. ಇಟ್ಟವರು ಆಪರೇಟರಮ್ಮ. ನಾನು ನೋಡಿದ್ದನ್ನು ಯಾರಿಗೂ ಹೇಳಬಾರದು ಎಂದಿದ್ದರು.

ಇವತ್ತು ಬೆಳಿಗ್ಗೆ (ಆದೇಶದ ಮುಂಚೆಯೋ ಆಮೇಲೋ, ಕೇಳಬೇಡಿ) ಇಬ್ಬರೂ ವಾಕಿಂಗ್ ಹೊರಟರು. ಮೆಟ್ಟಿಲಿನ ಮೇಲೆ ಆಪರೇಟರಮ್ಮ ನಿಂತು ಗಂಡನ ಕಾಲರ್ ಸರಿ ಮಾಡಿದರು. ನಕ್ಷೆಗಾರರು ತಮ್ಮ ತೋಳಿನ ಮೇಲೆ ಬಿದ್ದ ಒಂದು ಬಿಳಿ ಕೂದಲನ್ನು ನೋಡಿದರು, ಕೊಡವಲಿಲ್ಲ. ಬಸ್ ನಿಲ್ದಾಣದ ಬೀದಿ ದಾಟಿದರು. ಎದುರಿಗೆ ಓಣಿಯ ಬಾಯಿ. ಬ್ರೆಡ್ಡಿನ ಪರಿಮಳ. ಸವೆದ ಕಲ್ಲಿನ ಮೇಲೆ ನಾಲ್ಕು ಚಪ್ಪಲಿಗಳ ಸದ್ದು. ಎಂದಿನಂತೆ ಅವರು ಎರಡು ಹೆಜ್ಜೆ ಹಿಂದೆ, ಆಕೆ ಎರಡು ಹೆಜ್ಜೆ ಮುಂದೆ. ಬಾಗು ಬಂತು. ಆಕೆ ನಿಂತು, ಕಿವಿಯ ಮೇಲೆ ಕೈಯಿಟ್ಟು, ಗಂಟಲು ಸರಿ ಮಾಡಿಕೊಂಡು, ಆಚೆ ಯಾರಿದ್ದಾರೋ ಎಂದು ನೋಡದೆಯೇ "ಹಲೋ" ಅಂದರು, ಮತ್ತು